ಎಲ್ಲರೂ ಚಪ್ಪರಿಸುವುದು ನನಗೆ ಸೇರದು ಎಂದು ಬಾಯಿಬಿಟ್ಟು ಹೇಳಬೇಕೇ?

ಪರ: ನಾಲಿಗೆ ನನ್ನದು, ಮಾತೂ ನನ್ನದೇ

ಹೇಳಬೇಕು, ಅಳುಕದೆ ಹೇಳಬೇಕು. ಕೊತ್ತಂಬರಿ ಸೊಪ್ಪು ನನ್ನ ಬಾಯಿಗೆ ಸೋಪು ಕಚ್ಚಿದ ಹಾಗಾಗುತ್ತದೆ. ಚಿಕ್ಕಂದಿನಿಂದಲೂ ಹೀಗೇ. ಇದನ್ನು ಹೇಳಿದಾಗಲೆಲ್ಲ ಎದುರಿನವರು "ಸುಮ್ಮನೆ ಆಡ್ತೀಯ, ಅದೆಲ್ಲಿ ಸೋಪಿನ ಹಾಗಿರುತ್ತೆ?" ಎಂದು ದಬಾಯಿಸುತ್ತಾರೆ. ಕಾಲು ನೋಯುತ್ತಿದೆ ಎಂದರೆ "ಇಲ್ಲ, ನಿನಗೆ ನೋಯುತ್ತಿಲ್ಲ" ಎಂದು ಯಾರೂ ವಾದಕ್ಕಿಳಿಯುವುದಿಲ್ಲ. ನಾಲಿಗೆಯ ವಿಷಯಕ್ಕೆ ಬಂದರೆ ಮಾತ್ರ ಪಕ್ಕದಲ್ಲಿ ಕೂತವರೇ ತೀರ್ಪು ಕೊಟ್ಟುಬಿಡುತ್ತಾರೆ.

ಒಂದೇ ವಸ್ತು ಇಬ್ಬರ ಬಾಯಲ್ಲಿ ಎರಡು ರುಚಿಯಾಗುತ್ತದೆ ಎಂಬುದು ಈಗ ಊಹೆಯ ಮಾತಲ್ಲ. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನ ಕೈಯಿಂದ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿಯಾಯಿತೆಂದು ದೂರಿದ. ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಇಬ್ಬರೂ ಹಟ ಹಿಡಿದು ವಾದಿಸಿದರು, ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವಾದ ಟಿಎಎಸ್2ಆರ್38 ಎಂಬ ಜೀನ್ 2003ರಲ್ಲಿ ಪತ್ತೆಯಾಯಿತು. ಎಲೆಕೋಸು, ಬ್ರಾಕೊಲಿ ಕೆಲವರಿಗೆ ಹೆಚ್ಚು ಕಹಿ ಹತ್ತುವುದರಲ್ಲೂ ಅದರ ಪಾತ್ರವಿದೆ. ಕೊತ್ತಂಬರಿಯ ವಿಷಯ ಕೇಳಿ: ಆ ಸೊಪ್ಪಿನ ಘಮಕ್ಕೆ ಕಾರಣವಾದ ರಾಸಾಯನಿಕಗಳಾದ ಆಲ್ಡಿಹೈಡ್‌ಗಳಂಥವೇ ಸೋಪಿನಲ್ಲೂ ಇರುತ್ತವೆ. ವಾಸನೆ ಹಿಡಿಯುವ ಓಆರ್6ಎ2 ಎಂಬ ಜೀನಿನ ಆಸುಪಾಸಿನ ವ್ಯತ್ಯಾಸಕ್ಕೂ ಈ ಸೋಪಿನ ರುಚಿಗೂ ನಂಟಿದೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಅಂದರೆ ನಾನು ಆಡುತ್ತಿರಲಿಲ್ಲ.

ಒಮ್ಮೆ ಕಚೇರಿಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಸೂಪಿನ ಬಟ್ಟಲಿನ ಮೇಲೆ ದಟ್ಟವಾಗಿ ಕೊತ್ತಂಬರಿ ಉದುರಿಸಿದ್ದರು. ಎಲ್ಲರೂ ಹೊಗಳುತ್ತಿದ್ದರು. ನಾನು ನನ್ನ ಮಾತು ಹೇಳಿದೆ. ಮೇಜಿಗೆ ಮೇಜೇ ನನ್ನ ಮೇಲೆ ಬಿತ್ತು. ರುಚಿ ಗೊತ್ತಿಲ್ಲದವನು ಎಂದರು, ಬೇಕೆಂದೇ ಬೇರೆ ಥರ ಮಾತಾಡುತ್ತೀಯ ಎಂದರು. ಆಗ ಮೂಲೆಯಲ್ಲಿ ಕೂತಿದ್ದ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ ಮೆಲ್ಲಗೆ "ಸಾರ್, ನನಗೂ ಹಾಗೇ ಆಗುತ್ತೆ" ಎಂದಳು. ನೋಡಿದರೆ ಅವಳು ಎಲೆಗಳನ್ನು ಒಂದೊಂದಾಗಿ ಚಮಚದ ತುದಿಯಿಂದ ಎತ್ತಿ, ಬಟ್ಟಲಿನ ಕೆಳಗಿನ ತಟ್ಟೆಯಲ್ಲಿ, ಯಾರಿಗೂ ಕಾಣದ ಬದಿಗೆ ಸಾಲಾಗಿ ಇಟ್ಟಿದ್ದಳು. ನಾನು ಬಾಯಿ ಬಿಡದಿದ್ದರೆ ಅವಳು ಬಟ್ಟಲು ಮುಗಿಯುವ ತನಕ ಹಾಗೇ ಕದ್ದು ಎತ್ತಿಡುತ್ತಿದ್ದಳು, ಮೇಲೊಂದು ಮೆಚ್ಚುಗೆಯ ಮಾತನ್ನೂ ಆಡುತ್ತಿದ್ದಳು.

ಇದು ಅವಳೊಬ್ಬಳ ಪುಕ್ಕಲುತನವಲ್ಲ. ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಕಣ್ಣೆದುರೇ ಇರುವ ಗೆರೆಗಳ ಉದ್ದವನ್ನು ಗುಂಪಿನ ಮಿಕ್ಕವರೆಲ್ಲ ಬೇಕೆಂದೇ ತಪ್ಪಾಗಿ ಹೇಳಿದಾಗ, ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ಜೊತೆ ತಲೆಯಾಡಿಸಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಕೊಟ್ಟರೆ ಸಾಕು, ಹೀಗೆ ಮಣಿಯುವುದು ತೀರಾ ಕಡಿಮೆಯಾಗುತ್ತಿತ್ತು. ಆ ಒಬ್ಬರು ಬೇಕು ಎಂಬುದೇ ನನ್ನ ವಾದ. ಇಂಟರ್ನೆಟ್ಟಿನಲ್ಲೂ ಇದೇ ಕಥೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಒಂದು ಕಾಮೆಂಟಿಗೆ ಸಂಶೋಧಕರೇ ಮೊದಲು ಒಂದು ಮೆಚ್ಚುಗೆಯ ಮತ ಹಾಕಿಟ್ಟರೆ ಅದರ ಕೊನೆಯ ಅಂಕ ಸರಾಸರಿ ಶೇ 25ರಷ್ಟು ಏರುತ್ತಿತ್ತು. ಮೊದಲು ಬಂದ ಹೊಗಳಿಕೆಯೇ ಹೊಗಳಿಕೆಯನ್ನು ಬೆಳೆಸುತ್ತದೆ. ಹೀಗಿರುವಾಗ "ಎಲ್ಲರಿಗೂ ಇಷ್ಟ" ಎನ್ನುವಲ್ಲಿ ಎಷ್ಟು ಜನರಿಗೆ ನಿಜಕ್ಕೂ ಇಷ್ಟ?

ಹೇಳಬಾರದು ಎನ್ನುವವರಿಗೆ ಬೇಕಿರುವುದು ಒಕ್ಕೊರಲಿನ ಜೈಕಾರ, ಅಷ್ಟೇ. ಅವರಿಗೆ ಆಲೂಗಡ್ಡೆಯ ಕಥೆ ನೆನಪಿಸುತ್ತೇನೆ. ಅದು ಕುಷ್ಠ ತರುತ್ತದೆ, ದನ-ಹಂದಿಗಳ ಮೇವು ಎಂದು ಫ್ರಾನ್ಸಿನ ಜನ ನಂಬಿದ್ದರು. 1748ರಲ್ಲಿ ಬೆಳೆಯುವುದಕ್ಕೇ ನಿಷೇಧ ಬಂತು. ಪ್ರಷ್ಯದಲ್ಲಿ ಯುದ್ಧಕೈದಿಯಾಗಿದ್ದಾಗ ಅದನ್ನೇ ತಿಂದು ಬದುಕಿದ ಪಾರ್ಮೆಂಟಿಯೇ ಎಂಬ ಔಷಧತಜ್ಞ ಊರೆಲ್ಲ ಮೂಗು ಮುರಿದರೂ ಇದು ಒಳ್ಳೆಯ ಆಹಾರ ಎಂದು ಸಾರುತ್ತಲೇ ಹೋದ. 1772ರಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ವಿದ್ವಾಂಸರು ಆಲೂಗಡ್ಡೆ ತಿನ್ನಲು ಯೋಗ್ಯವೆಂದು ಒಪ್ಪಿದರು. ಬಹುಮತಕ್ಕೆ ಹೆದರಿ ಅವನು ಸುಮ್ಮನಿದ್ದಿದ್ದರೆ ಆ ದಿನ ಇನ್ನೂ ಎಷ್ಟು ತಡವಾಗುತ್ತಿತ್ತೋ.

ವಿರೋಧ: ಕೇಳದಿದ್ದರೆ ಸುಮ್ಮನಿರಿ

ವಿರೋಧದ ಪಾಲು ನನಗೆ ಬಂದಿದೆ. ರುಚಿಯ ಬಗ್ಗೆ ಸುಳ್ಳು ಹೇಳಿ ಎಂದು ನಾನು ಹೇಳಲಾರೆ. ಅಷ್ಟರಮಟ್ಟಿಗೆ ಎದುರು ಪಕ್ಷದವರ ಜೊತೆಗೇ ಇದ್ದೇನೆ. ಆದರೆ ಯಾರೂ ಕೇಳದೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಜೀನು, ಪ್ರಯೋಗ ಎಲ್ಲ ಇರಲಿ. ಊಟದ ಮನೆ ಪ್ರಯೋಗಾಲಯವಲ್ಲ.

ನಮ್ಮ ಚಿಕ್ಕಮ್ಮನ ಕೈಯಡುಗೆಗೆ ಬಳಗದಲ್ಲೆಲ್ಲ ಹೆಸರು. ಒಮ್ಮೆ ಅವರು ಮಾಡಿದ ಬದನೆಕಾಯಿಯನ್ನು ಎಲ್ಲರೂ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದಾಗ, ನನ್ನ ತಮ್ಮನ ಗೆಳೆಯನೊಬ್ಬ "ನಿಜ ಹೇಳ್ತೀನಿ ಅಮ್ಮಾ, ಎಲ್ಲರೂ ಹೊಗಳೋವಷ್ಟು ಏನಿದೆ ಇದರಲ್ಲಿ ಅಂತ ನನಗಂತೂ ಗೊತ್ತಾಗ್ಲಿಲ್ಲ" ಎಂದ. ಚಿಕ್ಕಮ್ಮ ನಕ್ಕರು. ಊಟ ಮುಗಿದು ಪಾತ್ರೆ ಎತ್ತಿಡಲು ಒಳಗೆ ಹೋದೆ. ತಳದಲ್ಲಿ ಉಳಿದಿದ್ದನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. "ಉಪ್ಪು ಕಡಿಮೆಯಾಗಿತ್ತೇನೋ? ನೀನೂ ನೋಡೇ" ಎಂದರು. ಉಪ್ಪು ಸರಿಯಾಗಿಯೇ ಇತ್ತು. ಆಮೇಲೆ ಎಷ್ಟೋ ಕಾಲ ಅವರು ಬಡಿಸುವ ಮೊದಲು ಯಾರನ್ನಾದರೂ ಕರೆದು ರುಚಿ ನೋಡಿಸುತ್ತಿದ್ದರು. ಅವನ ನಾಲಿಗೆಯ ನಿಜ ಅವನಿಗೆ ಆ ಕ್ಷಣಕ್ಕೇ ಮುಗಿದಿತ್ತು. ಅಡುಗೆ ಮಾಡಿದವರಿಗೆ ಅದು ಮುಗಿಯಲಿಲ್ಲ. ಗುಂಪು ಮುಗಿಬಿತ್ತು ಎಂದು ನೊಂದುಕೊಳ್ಳುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ತಮಾಷೆಗೆ ಹೇಳಿದ್ದೂ ಎಲ್ಲಿಗೋ ಹೋಗಿ ಮುಟ್ಟುತ್ತದೆ. 2017ರಲ್ಲಿ ಐಸ್‌ಲ್ಯಾಂಡಿನ ಅಧ್ಯಕ್ಷ ಗುಡ್ನಿ ಯೋಹಾನ್ನೆಸನ್ ಶಾಲಾ ಮಕ್ಕಳ ಮುಂದೆ, ಕೈಲಾದರೆ ಪಿಜ್ಜಾದ ಮೇಲೆ ಅನಾನಸ್ ಹಾಕುವುದನ್ನೇ ನಿಷೇಧಿಸುತ್ತಿದ್ದೆ ಎಂದರು. ಅದು ಜಗತ್ತಿಗೆಲ್ಲ ಸುದ್ದಿಯಾಯಿತು. ತನಗೆ ಅಂಥ ಅಧಿಕಾರವಿಲ್ಲ, ಇಲ್ಲದಿರುವುದೇ ಒಳ್ಳೆಯದು ಎಂದು ಅವರು ಸ್ಪಷ್ಟನೆ ಕೊಡಬೇಕಾಯಿತು. 1962ರಲ್ಲಿ ಕೆನಡಾದಲ್ಲಿ ಆ ಪಿಜ್ಜಾ ಮಾಡಿದ ಸ್ಯಾಮ್ ಪನೋಪೌಲೋಸ್ ಆಗಿನ್ನೂ ಬದುಕಿದ್ದರು. ತಾವು ಮಾಡಿದ ತಿನಿಸಿನ ಮೇಲಿನ ಈ ಗದ್ದಲವನ್ನೆಲ್ಲ ಮುಪ್ಪಿನಲ್ಲಿ ಕೇಳಬೇಕಾಯಿತು.

ಇನ್ನೊಂದು ಮಾತು ಮಕ್ಕಳದ್ದು, ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ. ಹೊಸ ತಿನಿಸು ಮಗುವಿಗೆ ಒಗ್ಗಬೇಕಾದರೆ ಎಷ್ಟೋ ಸಲ, ಕೆಲವೊಮ್ಮೆ ಹತ್ತಕ್ಕೂ ಹೆಚ್ಚು ಸಲ, ಸ್ವಲ್ಪ ಸ್ವಲ್ಪ ರುಚಿ ತೋರಿಸಬೇಕು. ಪಕ್ಕದಲ್ಲಿ ಕೂತ ದೊಡ್ಡವರು "ಛೀ, ನನಗಾಗಲ್ಲ" ಎಂದುಬಿಟ್ಟರೆ ಮಗು ಎರಡನೇ ಸಲಕ್ಕೇ ಬಾಯಿ ಮುಚ್ಚುತ್ತದೆ. ಆ ತಿನಿಸು ತನಗೆ ಸೇರುತ್ತದೋ ಇಲ್ಲವೋ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಅಲರ್ಜಿಯಿದ್ದರೆ ಮಾತು ಬೇರೆ, ಮೊದಲೇ ಹೇಳಿ. ಯಾರಾದರೂ ಹೇಗಿದೆ ಎಂದು ಕೇಳಿದರೂ ಹೇಳಿ. ಇಲ್ಲದಿದ್ದರೆ ಬದಿಗೆ ಸರಿಸಿ, ಸೇರುವುದನ್ನು ಉಣ್ಣಿ.