ಥೊರಾಂಗ್ ಲಾ: ಹತ್ತಿದ್ದಕ್ಕೆ ಅಭಿನಂದನೆ, ಇಳಿಯುವುದು ನಿಮ್ಮ ಹಣೆಬರಹ

ನೇಪಾಳದ ಅನ್ನಪೂರ್ಣ ಸರ್ಕ್ಯೂಟ್‌ಗೆ ಹೊರಟವರಿಗೆಲ್ಲ, ಆ ಚಾರಣದ ದಾರಿಯಲ್ಲಿ ದಾಟಬೇಕಾದ ಥೊರಾಂಗ್ ಲಾ ಕಣಿವೆ (ಬೆಟ್ಟಗಳ ನಡುವಿನ ಪಾಸ್) ಎಷ್ಟು ಎತ್ತರ ಅನ್ನುವುದು ಬಾಯಿಪಾಠ: 5,416 ಮೀಟರ್. ಜಾಕೆಟ್ಟಿನ ಜಿಪ್ಪಿಗೆ ಒಂದು ಗೇಣು ದಾರ ಕಟ್ಟಿಕೊಳ್ಳಬೇಕು ಅನ್ನುವುದು ಮಾತ್ರ ಯಾರಿಗೂ ಹೊಳೆದಿರುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ, ಮೈನಸ್ ಹತ್ತು ಡಿಗ್ರಿಯಲ್ಲಿ, ಎರಡು ಜೊತೆ ಗ್ಲೌಸ್ ತೊಟ್ಟ ಕೈಗೆ ಜಿಪ್ಪಿನ ತುದಿ ಸಿಗುವುದಿಲ್ಲ. ಗ್ಲೌಸ್ ತೆಗೆದರೆ ಜಿಪ್ಪು ಸಿಗುತ್ತದೆ, ಆಮೇಲೆ ಬೆರಳು ಎಲ್ಲಿದೆ ಅಂತ ಹುಡುಕಬೇಕು.

ಒಂಟಿಯಾಗಿ ಹೋಗಬೇಕು ಅನ್ನುವವರಿಗೆ ಮೊದಲೇ ಒಂದು ಮಾತು. ವಿದೇಶಿ ಚಾರಣಿಗರು ಗೈಡ್ ಜೊತೆಗೇ ನಡೆಯಬೇಕು ಅಂತ ನೇಪಾಳ 2023ರ ಏಪ್ರಿಲ್‌ನಿಂದ ನಿಯಮ ಮಾಡಿದೆ. ಪರ್ಮಿಟ್ ಮಾಡಿಸುವಾಗಲೇ ಇದನ್ನು ವಿಚಾರಿಸಿಕೊಳ್ಳಿ. ಗೈಡ್ ಬಂದರೆ ಏಕಾಂತ ಕೆಡುತ್ತದೆ ಅನ್ನುವ ಚಿಂತೆ ಬೇಡ. ಐದು ಸಾವಿರ ಮೀಟರ್ ದಾಟಿದ ಮೇಲೆ ಮಾತಾಡಲು ಯಾರ ಹತ್ತಿರವೂ ಉಸಿರಿರುವುದಿಲ್ಲ. ಮದುವೆ ದಿಬ್ಬಣದ ಜೊತೆ ಹೋದರೂ ಅಲ್ಲಿ ಎಲ್ಲರೂ ಒಂಟಿಯೇ.

ಹಿಂದಿನ ರಾತ್ರಿ ಎಲ್ಲಿ ಮಲಗಬೇಕು ಅನ್ನುವುದು ದೊಡ್ಡ ಚರ್ಚೆ. ಸುಮಾರು 4,850 ಮೀಟರಿನ ಹೈ ಕ್ಯಾಂಪ್‌ನಲ್ಲಿ ಮಲಗಿದರೆ ಬೆಳಿಗ್ಗೆ ಒಂದು ಗಂಟೆಯ ಕಡಿದಾದ ಏರು ತಪ್ಪುತ್ತದೆ, ಜೊತೆಗೆ ನಿದ್ದೆಯೂ ತಪ್ಪುತ್ತದೆ. ಮೂರು ಸಾವಿರ ಮೀಟರ್ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಅನ್ನುವುದು ಲೆಕ್ಕ. ಮನಾಂಗ್‌ನಲ್ಲಿ (3,540) ಒಂದು ದಿನ ಸುಮ್ಮನೆ ಉಳಿದು, ಮುಂದೆ ಯಾಕ್ ಖರ್ಕಾದಲ್ಲಿ ಒಂದು ರಾತ್ರಿ ಕಳೆದು, ಮರುದಿನ ಹೈ ಕ್ಯಾಂಪ್‌ಗಿಂತ ಕೆಳಗಿನ ಥೊರಾಂಗ್ ಫೇದಿಯಲ್ಲಿ (ಸುಮಾರು 4,500) ಮಲಗಿದರೆ ಈ ಲೆಕ್ಕ ಸರಿಹೋಗುತ್ತದೆ. ನನ್ನ ಓಟು ಫೇದಿಗೆ.

ಎಲ್ಲಿ ಮಲಗಿದರೂ ಡೈಯಾಮಾಕ್ಸ್ ನುಂಗಿದವರಿಗೆ ರಾತ್ರಿ ಬಿಡುವಿಲ್ಲ. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕಾದ ಮಾತ್ರೆ. ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ. ಎತ್ತರಕ್ಕೆ ಒಗ್ಗಿಸುತ್ತದೆ ನಿಜ, ಆದರೆ ಗಂಟೆಗೊಮ್ಮೆ ಮೂತ್ರಕ್ಕೆ ಎಬ್ಬಿಸುತ್ತದೆ. ಬೆರಳ ತುದಿ ಜುಮ್ಮೆನ್ನುತ್ತದೆ, ಹಿಮ ಕಚ್ಚಿಯೇಬಿಟ್ಟಿತು ಅಂತ ಹೊಸಬರು ದೇವರ ಹೆಸರು ಶುರುಮಾಡುತ್ತಾರೆ. ಇನ್ನು ಶೌಚಾಲಯ. ಡ್ರಮ್ಮಿನ ನೀರಿನ ಮೇಲೆ ಅರ್ಧ ಇಂಚು ಮಂಜುಗಡ್ಡೆ. ಮಗ್ಗಿನ ತಳದಿಂದ ಕುಟ್ಟಿ ಒಡೆಯಬೇಕು. ಪ್ಲಾಸ್ಟಿಕ್ ಮಗ್ಗಾದರೆ ಮೊದಲು ಒಡೆಯುವುದು ಯಾವುದು ಅಂತ ಹೇಳುವಂತಿಲ್ಲ. ಹಿಂದಿನವರು ಚೆಲ್ಲಿದ ನೀರು ನೆಲದ ಮೇಲೆ ಗಾಜಾಗಿರುತ್ತದೆ. ಇಡೀ ಚಾರಣದಲ್ಲಿ ಜಾರುವ ಸಾಧ್ಯತೆ ಅತಿ ಹೆಚ್ಚಿರುವ ಜಾಗ ಇದೇ ಇರಬೇಕು. ಹೆಡ್‌ಲ್ಯಾಂಪ್ ಹಣೆಗೆ ಕಟ್ಟಿಕೊಂಡೇ ಹೋಗಿ, ಟಿಶ್ಯೂ ಜೇಬಲ್ಲಿರಲಿ.

ಹೊರಡುವ ಹೊತ್ತು ನಾಲ್ಕರಿಂದ ಐದು. ಹತ್ತು ಗಂಟೆಯ ಸುಮಾರಿಗೆ ಕಣಿವೆಯ ಮೇಲೆ ಗಾಳಿ ಎದ್ದರೆ ನೆಟ್ಟಗೆ ನಿಲ್ಲುವುದೂ ಕಷ್ಟ, ಅಷ್ಟರೊಳಗೆ ದಾಟಿಬಿಡಬೇಕು. ಇದ್ದ ಬಟ್ಟೆಯನ್ನೆಲ್ಲ ಮೈಮೇಲೆ ಹೇರಿಕೊಂಡು ಹೊರಡುವುದು ಇಲ್ಲಿನ ಖಾಯಂ ಎಡವಟ್ಟು. ಕಾಲು ಗಂಟೆ ಏರುವಷ್ಟರಲ್ಲಿ ಬೆವರು, ನಿಂತ ಕೂಡಲೇ ಆ ಬೆವರು ತಣ್ಣಗಾಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಹೊರಡುವಾಗ ಸ್ವಲ್ಪ ನಡುಗುತ್ತಿದ್ದರೆ ಬಟ್ಟೆ ಸರಿಯಾಗಿದೆ ಅಂತ ಅರ್ಥ. ಪುಕ್ಕ ತುಂಬಿದ ಡೌನ್ ಜಾಕೆಟ್ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲಿರಲಿ, ನಿಂತಾಗ ಮಾತ್ರ ಹಾಕಿಕೊಳ್ಳಿ. ತಲೆಗೆ ನಮ್ಮೂರಿನ ಮಂಕಿ ಕ್ಯಾಪೇ ಸಾಕು. ಬಾಯಿಯ ಹತ್ತಿರ ಉಸಿರು ಹೆಪ್ಪುಗಟ್ಟಿ ಬಿಳಿ ಮೀಸೆ ಬರುತ್ತದೆ, ಅಷ್ಟೆ.

ನೀರಿನ ಕತೆ ಬೇರೆ. ಬ್ಯಾಗಿನಿಂದ ಬಾಯಿಗೆ ಪೈಪು ಬರುವ ವಾಟರ್ ಬ್ಲ್ಯಾಡರ್ ಹೊತ್ತವರ ಪೈಪು ಅರ್ಧ ಗಂಟೆಯಲ್ಲಿ ಕಡ್ಡಿಯಾಗುತ್ತದೆ. ಕುಡಿದ ಮೇಲೆ ಪ್ರತಿಸಲ ಊದಿ ನೀರನ್ನು ಹಿಂದಕ್ಕೆ ಕಳಿಸಬೇಕು ಅನ್ನುತ್ತಾರೆ; ಊದಲು ಉಸಿರಿದ್ದರೆ ನಡೆಯುತ್ತಿರಲಿಲ್ಲವೇ? ಅಗಲ ಬಾಯಿಯ ಬಾಟಲಿಯೇ ವಾಸಿ. ಬಿಸಿನೀರು ತುಂಬಿಸಿ, ಕಾಲುಚೀಲ ತೊಡಿಸಿ, ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಗಡ್ಡೆ ತಳದ ಕಡೆ ಕಟ್ಟಿ, ಬಾಯಿ ತೆರೆದಿರುತ್ತದೆ. ಮುಚ್ಚಳ ಮಾತ್ರ ಎರಡು ಸಲ ತಿರುಗಿಸಿ ನೋಡಿ, ಸೋರಿದರೆ ಬೆನ್ನಿಗೇ ಅಭಿಷೇಕ.

ಎನರ್ಜಿ ಬಾರ್ ಈ ಚಳಿಯಲ್ಲಿ ಇಟ್ಟಿಗೆ. ಚಿಕ್ಕಿಯೂ ಅದೇ ಜಾತಿ, ಹಲ್ಲಿನ ಡಾಕ್ಟರು ಹತ್ತಿರ ಇಲ್ಲ. ಹುರಿಗಡಲೆಗೆ ಬೆಲ್ಲ ಪುಡಿಮಾಡಿ ಬೆರೆಸಿ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡರೆ, ಹಸಿವೇ ಇಲ್ಲದ ಆ ಎತ್ತರದಲ್ಲೂ ಚಿಟಿಕೆ ಚಿಟಿಕೆಯಾಗಿ ಒಳಗೆ ಹೋಗುತ್ತದೆ. ಫೋನು ಒಳಜೇಬಿನಲ್ಲಿ, ಮೈಗೆ ತಾಗುವಂತಿರಲಿ. ಹೊರಗಿಟ್ಟರೆ ನಲವತ್ತು ಪರ್ಸೆಂಟ್ ತೋರಿಸುತ್ತಿದ್ದ ಬ್ಯಾಟರಿ ಫೋಟೊ ತೆಗೆಯುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತದೆ.

ಮೇಲೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಹೆಜ್ಜೆಗೊಂದು ಉಸಿರು, ಅದಕ್ಕಿಂತ ಜೋರಾಗಿ ನಡೆದವರು ಮುಂದಿನ ತಿರುವಿನಲ್ಲಿ ಕೋಲಿಗೆ ಜೋತುಬಿದ್ದು ಸಿಗುತ್ತಾರೆ. ಇದೇ ಕೊನೆಯ ಏರು ಅಂತ ನಂಬಿಸುವ ದಿಣ್ಣೆಗಳು ಒಂದರ ಹಿಂದೊಂದು ಬರುತ್ತವೆ. ಎಣಿಸಲು ಹೋಗಬೇಡಿ. ಕುದುರೆಯವರು ಪಕ್ಕದಲ್ಲೇ ಬರುತ್ತಿರುತ್ತಾರೆ. ಬೇಡ ಅಂದರೂ ಬಿಡುವುದಿಲ್ಲ, ನಿಮ್ಮ ಮುಖ ನೋಡಿದರೆ ಇನ್ನೊಂದು ದಿಣ್ಣೆಗೆ ಗಿರಾಕಿ ಅಂತ ಅವರಿಗೆ ಗೊತ್ತು.

ತಮಾಷೆ ಬದಿಗಿಟ್ಟು ಒಂದು ವಿಷಯ. ಕುಡಿದವರಂತೆ ತೂರಾಡುವುದು, ಮಾತು ತೊದಲುವುದು, ಕೂತಾಗಲೂ ಏದುಸಿರು: ಎತ್ತರದ ಕಾಯಿಲೆಯ ಈ ಲಕ್ಷಣಗಳಲ್ಲಿ ಒಂದು ಕಂಡರೂ ಇಳಿಯಬೇಕು, ಆಗಲೇ. ಗೈಡ್ ಹಿಂದೆ ಮುಂದೆ ಆಗಿ ಒಂಟಿಯಾಗಿ ನಡೆಯುವಾಗ ಇದನ್ನು ಗಮನಿಸಿ ಹೇಳುವವರಿರುವುದಿಲ್ಲ. ಮುಂದಿನ ಪಾದದ ಹಿಮ್ಮಡಿಯನ್ನು ಹಿಂದಿನ ಪಾದದ ಬೆರಳಿಗೆ ತಾಗಿಸುತ್ತ ಹತ್ತು ಹೆಜ್ಜೆ ನೇರ ಗೆರೆಯಲ್ಲಿ ನಡೆದು ನೋಡಿಕೊಳ್ಳಿ; ಹೊರಡುವಾಗ ಲಾಡ್ಜಿನ ಸಾಹುಣಿಗೆ (ಒಡತಿಗೆ) ಹೆಸರು ಹೇಳಿ ಹೋಗಿ. ಮೋಡ ಕವಿದಿದ್ದರೆ ಹೊರಡಲೇಬೇಡಿ. 2014ರ ಅಕ್ಟೋಬರ್‌ನಲ್ಲಿ ಹುಡ್‌ಹುಡ್ ಚಂಡಮಾರುತದ ಬಾಲ ಇಲ್ಲಿಗೆ ಬಂದು ಹಿಮ ಸುರಿಸಿದಾಗ ಈ ಸೀಮೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು.

ಕಣಿವೆಯ ತಲೆಯಲ್ಲಿ ಬಣ್ಣದ ಬಾವುಟಗಳು, ಅಭಿನಂದನೆಯ ಬೋರ್ಡು, ಸೀಸನ್ನಿನಲ್ಲಿ ಒಂದು ಚಹಾದಂಗಡಿ. ಚಹಾದ ರೇಟು ಕೇಳಿ ಉಸಿರು ಇನ್ನಷ್ಟು ಕಟ್ಟುತ್ತದೆ, ಆದರೂ ಕುಡಿಯಿರಿ.

ಬೋರ್ಡಿನಲ್ಲಿ ಬರೆಯದ ವಿಷಯ: ಇನ್ನು ಮುಕ್ತಿನಾಥದವರೆಗೆ 1,600 ಮೀಟರ್ ಇಳಿಯಬೇಕು, ಒಂದೇ ಏಟಿಗೆ. ಹೊರಡುವ ಮೊದಲು ಕೋಲನ್ನು ಐದಾರು ಸೆಂಟಿಮೀಟರ್ ಉದ್ದ ಮಾಡಿ, ಲಾಕು ಬಿಗಿಮಾಡಿ. ಸಡಿಲವಿದ್ದರೆ ಭಾರ ಹಾಕಿದ ಕೂಡಲೇ ಕೋಲು ಗಿಡ್ಡವಾಗಿ ನೀವು ಉದ್ದಕ್ಕೆ ಬೀಳುತ್ತೀರಿ. ಶೂ ಲೇಸು ಕಣಕಾಲಿನ ಹತ್ತಿರ ಬಿಗಿಯಾಗಿರಲಿ, ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಉಗುರು ಶೂವಿನ ಮೂತಿಗೆ ಗುದ್ದುತ್ತಲೇ ಇರುತ್ತದೆ. ಹಿಂದಿನ ದಿನ ಉಗುರು ಕತ್ತರಿಸದವರ ಹೆಬ್ಬೆರಳು ಸಂಜೆಗೆ ನೇರಳೆಹಣ್ಣು. ನೆರಳಿನ ಜಾಗದಲ್ಲಿ ಮಂಜುಗಡ್ಡೆಯಿದ್ದರೆ ಶೂಗೆ ಮೈಕ್ರೋಸ್ಪೈಕ್ (ಮುಳ್ಳಿನ ಸರಪಳಿ) ಹಾಕಿಕೊಳ್ಳಿ. ಸನ್‌ಸ್ಕ್ರೀನ್ ಮೂಗಿನ ಕೆಳಭಾಗಕ್ಕೂ ಹಚ್ಚಿ, ಹಿಮದಿಂದ ಬಿಸಿಲು ಕೆಳಗಿನಿಂದಲೂ ಬರುತ್ತದೆ.

ಮುಕ್ತಿನಾಥ ಶ್ರೀವೈಷ್ಣವರ 108 ದಿವ್ಯದೇಶಗಳಲ್ಲೊಂದು. ಸಾಲಿಗ್ರಾಮದ ಗಂಡಕಿ ಅಲ್ಲೇ ಕೆಳಗೆ. ಜೀಪಿನಲ್ಲಿ ಬಂದ ನಮ್ಮ ಕಡೆಯ ಯಾತ್ರಿಕರು ಸಿಕ್ಕೇ ಸಿಗುತ್ತಾರೆ. ನೀವು ಎಲ್ಲಿಂದ ಇಳಿದು ಬಂದಿರಿ ಅಂತ ಕೇಳಿ, ಉತ್ತರ ಕೇಳಿಸಿಕೊಂಡು, "ರೋಡಿತ್ತಲ್ಲಪ್ಪಾ?" ಅನ್ನುತ್ತಾರೆ. ಗುಡಿಯ 108 ಧಾರೆಗಳ ಕೆಳಗೆ ಅವರು ಓಡುವುದನ್ನು ನೋಡಿ ನೀವೂ ಓಡಲು ಹೋಗಬೇಡಿ, ಮೊಣಕಾಲು ಒಪ್ಪುವುದಿಲ್ಲ. ಗೆದ್ದ ಖುಷಿಗೆ ಸೋಡಾ ಕುಡಿದರೆ ಚಪ್ಪೆ ಹೊಡೆಯುತ್ತದೆ. ಅಂಗಡಿಯವನ ಜೊತೆ ಜಗಳ ಬೇಡ, ಅದೂ ಡೈಯಾಮಾಕ್ಸ್ ಕೆಲಸ.

ರೂಮು ಕೇಳುವಾಗ ವೈಫೈ, ಬಿಸಿನೀರು, ಕಿಟಕಿಯಿಂದ ಧೌಲಗಿರಿ ಕಾಣುತ್ತದೆಯೇ ಅನ್ನುವುದೆಲ್ಲ ಆಮೇಲೆ. ಮೊದಲು ಎರಡೇ ಪ್ರಶ್ನೆ: ನೆಲಮಹಡಿಯೋ? ಕಮೋಡ್ ಇದೆಯೋ?