ಉದ್ರಿ ಬಿಡಿಸದೆ ಒಟ್ಟು ಖರೀದಿ ನಡೆಯಲ್ಲ

ನಮ್ಮ ಹಾವೇರಿ ಕಡೆ ರೋಹಿಣಿ ಮಳೆ ಬಿತ್ತು ಅಂದ್ರೆ ಗೊಬ್ಬರದ ಅಂಗಡಿ ಮುಂದೆ ಪಾಳಿ ಶುರು. ಹೋದ ವರ್ಷ ನಾನೂ ನಿಂತಿದ್ದೆ. ಎರಡು ಚೀಲ ಡಿಎಪಿ ಕೇಳಿದರೆ, ಜೊತೆಗೆ ನನಗೆ ಬೇಡದ ಒಂದು ಬಾಟಲಿ ಔಷಧಿ ಇಟ್ಟರು. 'ಲಿಂಕ್ ಇದೆ, ಬೇಕಾದ್ರೆ ತಗೊಳ್ರಿ' ಅಂದರು. ಅಂದ್ರೆ ಬಾಟಲಿ ತಗೊಳ್ಳದೆ ಗೊಬ್ಬರ ಇಲ್ಲ. ಹದ ಆರಿದರೆ ಬಿತ್ತನೆ ಹೋಯ್ತಲ್ವಾ? ತಗೊಂಡು ಬಂದೆ. ಆ ಬಾಟಲಿಯ ಸೀಲ್ ಇನ್ನೂ ಒಡೆದಿಲ್ಲ.

ನಮ್ಮ ಎಫ್‌ಪಿಒದಲ್ಲಿ, ಅಂದ್ರೆ ರೈತರೇ ಷೇರು ಹಾಕಿ ಕಟ್ಟಿದ ರೈತ ಉತ್ಪಾದಕರ ಸಂಸ್ಥೆಯಲ್ಲಿ, ಎಲ್ಲರೂ ಸೇರಿ ಖರೀದಿ ಮಾಡೋಣ ಅಂತ ನಾನು ಹಟ ಹಿಡಿದಿದ್ದು ಇದಕ್ಕೇ. ಯೂರಿಯಾದಲ್ಲಿ ದೊಡ್ಡ ಉಳಿತಾಯ ಇಲ್ಲ, 45 ಕೆಜಿ ಚೀಲಕ್ಕೆ 266.50 ರೂಪಾಯಿ ಅಂತ ಸರ್ಕಾರವೇ ದರ ಕಟ್ಟಿದೆ. ಉಳಿಯೋದು ಗೋವಿನಜೋಳದ ಬೀಜದಲ್ಲಿ, ಔಷಧಿಯಲ್ಲಿ, ಡ್ರಿಪ್ ಪೈಪಿನಲ್ಲಿ. ಬೇಡದ ಬಾಟಲಿ ಮನೆಗೆ ಬರೋದಿಲ್ಲ, ಅದೂ ಉಳಿತಾಯವೇ.

ಆದರೂ ಷೇರು ಹಾಕಿದ ಸದಸ್ಯರೇ ಅಂಗಡಿಗೆ ಹೋಗ್ತಾರೆ. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಅಂಗಡಿಯಲ್ಲಿ ಉದ್ರಿ ಸಿಗುತ್ತೆ, ನಮ್ಮಲ್ಲಿ ಸಿಗಲ್ಲ. ಉದ್ರಿ ತಂದವರು ಸುಗ್ಗಿಯಲ್ಲಿ ಮಾಲು ಅಲ್ಲಿಗೇ ಹಾಕಬೇಕು. ಆಗ ತೂಕ ಅಂಗಡಿಯವರದ್ದು, ದರವೂ ಅವರದ್ದೇ.

ನಮ್ಮಲ್ಲಿ ಉದ್ರಿ ಯಾಕೆ ಕೊಡೋಕಾಗಲ್ಲ ಅಂತ ಲೆಕ್ಕ ಹಾಕಿ ನೋಡಿ. 2020ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ, ಸದಸ್ಯರು ಹಾಕಿದಷ್ಟೇ ಷೇರು ಹಣ ಸರ್ಕಾರವೂ ಕೊಡುತ್ತೆ. ಒಬ್ಬರಿಗೆ 2,000 ರೂಪಾಯಿವರೆಗೆ, ಒಂದು ಎಫ್‌ಪಿಒಗೆ ಹೆಚ್ಚೆಂದರೆ 15 ಲಕ್ಷ. 300 ಜನ ಸಾವಿರ ಸಾವಿರ ಹಾಕಿದರೆ 3 ಲಕ್ಷ, ಸರ್ಕಾರದ್ದು ಸೇರಿ 6 ಲಕ್ಷ. ಡಿಎಪಿ ಚೀಲ 1,350ರಂತೆ 400 ಚೀಲ ತಂದರೆ 5 ಲಕ್ಷ 40 ಸಾವಿರ ಮುಗೀತು. ತಲೆಗೆ ಒಂದೂವರೆ ಚೀಲವೂ ಬರಲ್ಲ. ಬೀಜಕ್ಕೆ ದುಡ್ಡೆಲ್ಲಿ?

ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದರು. ಅವರು ಮೊದಲು ಕೈಹಾಕಿದ್ದು ಸಾಲಕ್ಕೆ. ನಾವು ಸಾಲದ ಮಾತು ಬಿಟ್ಟು, ಬರೀ ಡಿಸ್ಕೌಂಟಿನ ಮಾತಾಡ್ತಿದ್ದೀವಿ. ಊರಿನ ಸೊಸೈಟಿ ಕೊಡೋ ಬೆಳೆ ಸಾಲ ಬಿತ್ತನೆಗೆ ಮೊದಲೇ ಕೈಗೆ ಬರಬೇಕು, ಎಫ್‌ಪಿಒದ ಇಂಡೆಂಟಿಗೆ, ಅಂದ್ರೆ ಖರೀದಿಯ ಬೇಡಿಕೆ ಪಟ್ಟಿಗೆ, ಜೋಡಿಯಾಗಬೇಕು. ಈ ಎರಡು ಸಂಸ್ಥೆಯವರು ಒಂದೇ ಮೇಜಿಗೆ ಕೂತಿದ್ದನ್ನು ನಮ್ಮೂರಲ್ಲಿ ನಾನಂತೂ ನೋಡಿಲ್ಲ.

ಈ ಸಲ ಯುಗಾದಿ ಮುಗಿದ ಕೂಡಲೇ ಪುಸ್ತಕ ಹಿಡಿದು ಮನೆಮನೆಗೆ ಬರ್ತೀವಿ. ಎಷ್ಟು ಎಕರೆ, ಯಾವ ಬೀಜ, ಎಷ್ಟು ಚೀಲ ಅಂತ ಬರೆಸಿ. ಕೈಲಿದ್ದಷ್ಟು ಮುಂಗಡ ಕೊಡಿ, ನೂರು ರೂಪಾಯಿ ಆದ್ರೂ ಸರಿ. ಅಂಗಡಿಯಲ್ಲಿ ಹಳೇ ಬಾಕಿ ಇದ್ದವರು ಮುಚ್ಚಿಡಬೇಡಿ, ಅದನ್ನೂ ಬರೆಸಿ. ಆ ಪಟ್ಟಿ ತಗೊಂಡೇ ಸೊಸೈಟಿಗೆ ಹೋಗೋಣ.