ಕೂಲರ್ ಡಬ್ಬಿ ಮೇಲೆ ಲೀಟರ್ ಬರೆಯುತ್ತೀರಿ, ಸದ್ದು ಎಷ್ಟು ಅಂತ ಯಾಕೆ ಬರೆಯಲ್ಲ?

ಏಪ್ರಿಲ್ ತಿಂಗಳಲ್ಲಿ ಗದಗಿಗೆ ಬಂದು, ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ಕೂಲರ್ ಇಲ್ಲದೆ ಒಂದು ರಾತ್ರಿ ಮಲಗಿ ನೋಡಿ. ಹನ್ನೊಂದು ಗಂಟೆಗೂ ಗೋಡೆ ಬಿಸಿ ಇರುತ್ತದೆ. ಹಾಗಾಗಿ "ಸದ್ದಾದರೆ ಬಂದ್ ಮಾಡಿ ಮಲಗ್ರಿ" ಅಂತ ದಯವಿಟ್ಟು ಯಾರೂ ಹೇಳಬೇಡಿ. ನನ್ನ ಸಿಟ್ಟು ಇರೋದು ಕೂಲರ್ ಮಾಡುವವರ ಮೇಲೆ, ಮಾರುವವರ ಮೇಲೆ, ರಿಪೇರಿಗೆ ಬರುವವರ ಮೇಲೆ. ಈ ಮೂವರಿಗೂ ಸದ್ದು ಅನ್ನೋದು ದೋಷವೇ ಅಲ್ಲ!

ಡಬ್ಬಿ ಓದಿ ನೋಡಿ. ಟ್ಯಾಂಕ್ ಎಷ್ಟು ಲೀಟರ್, ಗಾಳಿ ಎಷ್ಟು ಅಡಿ ದೂರ ಹೋಗುತ್ತದೆ, ಜೇನುಗೂಡಿನ ಪ್ಯಾಡೋ ಹುಲ್ಲಿನ ಪ್ಯಾಡೋ, ಇನ್ವರ್ಟರ್ ಮೇಲೆ ನಡೆಯುತ್ತದೋ ಇಲ್ಲವೋ, ಕೆಳಗೆ ಗಾಲಿ ಎಷ್ಟು, ಎಲ್ಲಾ ದಪ್ಪ ಅಕ್ಷರದಲ್ಲಿ ಇದೆ. ಡೆಸಿಬಲ್ ಹುಡುಕಿದೆ, ನಾನು ಕೊಂಡ ಡಬ್ಬಿಯ ನಾಲ್ಕೂ ಮಗ್ಗುಲಲ್ಲಿ ಇಲ್ಲ. ಅಂಗಡಿಯಲ್ಲಿ ಹಚ್ಚಿ ತೋರಿಸಿ ಅಂದರೆ ತೋರಿಸುತ್ತಾರೆ, ಆದರೆ ನೀರು ಹಾಕಲ್ಲ, ಪಂಪ್ ಹಚ್ಚಲ್ಲ, ಹೊರಗೆ ಟಂಟಂಗಳ ಹಾರ್ನು, ಪಕ್ಕದಲ್ಲಿ ಟಿವಿ, ಆ ಗದ್ದಲದಲ್ಲಿ ಯಾವ ಕೂಲರ್ ಬೇಕಾದರೂ ಸೈಲೆಂಟೇ. ಮನೆಗೆ ತಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಹಚ್ಚಿದಾಗ ಅದರ ನಿಜವಾದ ದನಿ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಬಿಲ್ ಆಗಿರುತ್ತದೆ, ವಾಪಸ್ ತೆಗೆದುಕೊಳ್ಳಲ್ಲ.

ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರ ತನಕ ಸದ್ದು 45 ಡೆಸಿಬಲ್ ದಾಟಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಅದು ಹೊರಗಿನ ಗದ್ದಲಕ್ಕೆ ಇರೋದು, ಗೊತ್ತು. ನನ್ನ ತಲೆದಿಂಬಿನ ಹತ್ತಿರ ಏನಾದರೂ ಆಗಲಿ ಅಂತ ಬಿಟ್ಟಿದ್ದಾರೆ ಅಷ್ಟೇ.

ಮೆಕ್ಯಾನಿಕ್ ಕಥೆ ಕೇಳಿ. ಬಂದರು, ಹಚ್ಚಿದರು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. "ಅಕ್ಕಾರ, ಕೂಲರ್ ಅಂದಮ್ಯಾಲ ಇಷ್ಟ್ ಸೌಂಡ್ ಬರೂದರೀ. ಸೌಂಡ್ ಬ್ಯಾಡಂದ್ರ ಎಸಿ ತಗೋರಿ." ಆಮೇಲೆ ಮುಂದಿನ ಜಾಳಿಯ ಎರಡು ಸ್ಕ್ರೂ ಬಿಗಿ ಮಾಡಿ ದುಡ್ಡು ಇಸಕೊಂಡು ಹೋದರು. ಬ್ಲೇಡ್ ಮುಟ್ಟಲಿಲ್ಲ, ಪಂಪ್ ನೋಡಲಿಲ್ಲ. ನಮ್ಮದು ಕಿಟಕಿಗೆ ಕೂಡಿಸಿದ ತಗಡಿನ ದೊಡ್ಡ ಕೂಲರ್. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಸ್ಟ್ಯಾಂಡನ್ನು ನೇರ ಕಿಟಕಿಯ ಗ್ರಿಲ್‌ಗೇ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಮೋಟಾರ್ ನಡುಗಿದರೆ ತಗಡು ನಡುಗುತ್ತದೆ, ತಗಡಿನಿಂದ ಸ್ಟ್ಯಾಂಡ್, ಸ್ಟ್ಯಾಂಡಿನಿಂದ ಗ್ರಿಲ್, ಗ್ರಿಲ್‌ನಿಂದ ಗೋಡೆ. ಕೆಳಗಿನ ಮನೆಯ ಅಜ್ಜಿ ಬೆಳಿಗ್ಗೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು: "ಯವ್ವಾ, ರಾತ್ರಿ ನಿಮ್ ಮನ್ಯಾಗ ಗಿರಣಿ ಹಚ್ಚೀರೇನ?" ಏನು ಹೇಳಲಿ? ಅವರ ಮನೆಗೆ ತಂಪು ಗಾಳಿ ಇಲ್ಲ, ನಡುಕ ಮಾತ್ರ ಪುಕ್ಕಟೆ.

ಯಾರೂ ಹೇಳದೇ ಇದ್ದಾಗ ನಾವೇ ಬಿಚ್ಚಿ ನೋಡಿದೆವು. ಮೊದಲು ಪ್ಲಗ್ ಕಿತ್ತು, ನೀರು ಖಾಲಿ ಮಾಡಿ. ಇದನ್ನು ಮಾತ್ರ ಮರೆಯಬೇಡಿ, ನೀರು ಕರೆಂಟು ಒಟ್ಟಿಗೆ ಇರುವ ಸಾಮಾನು. ಬ್ಲೇಡ್ ನೋಡಿದರೆ ಒಂದು ರೆಕ್ಕೆಯ ಮೇಲೆ ಬಿಳಿ ಉಪ್ಪು ದಪ್ಪಗೆ ಕೂತಿತ್ತು, ಉಳಿದವುಗಳ ಮೇಲೆ ತೆಳ್ಳಗೆ. ನಲ್ಲಿ ನೀರು ಬಂದಾಗ ಕುಡಿಯೋದಕ್ಕೆ ಹಿಡಿದಿಡುತ್ತೇವೆ, ಕೂಲರ್‌ಗೆ ಬೋರ್ ನೀರೇ ಗತಿ. ನಮ್ಮ ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು. ಪ್ಯಾಡಿನಿಂದ ಹಾರಿದ ಹನಿ ಬ್ಲೇಡಿಗೆ ಬಡಿದು ಒಣಗುತ್ತದೆ, ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಈ ಮೋಟಾರ್ ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 23. ಒಂದು ರೆಕ್ಕೆ ಸ್ವಲ್ಪ ಭಾರ ಆದರೂ ಪ್ರತಿ ಸುತ್ತಿಗೆ ಒಂದು ಸಲ ಇಡೀ ಡಬ್ಬಿಯನ್ನು ಎಳೆದಾಡುತ್ತದೆ. ಇದನ್ನು ನೋಡೋದಕ್ಕೆ ಇಂಜಿನಿಯರಿಂಗ್ ಓದಬೇಕಾ? ಜಾಳಿ ತೆಗೆದು ಕಣ್ಣು ಬಿಟ್ಟರೆ ಸಾಕಲ್ವಾ?

ಲಿಂಬೆ ರಸದಲ್ಲಿ ಬಟ್ಟೆ ಅದ್ದಿ ಸ್ವಲ್ಪ ಹೊತ್ತು ಬ್ಲೇಡ್ ಮೇಲೆ ಇಟ್ಟು ಒರೆಸಿದರೆ ಉಪ್ಪು ಕರಗಿ ಬರುತ್ತದೆ. ಆಮೇಲೆ ಒಳ್ಳೆ ನೀರಿನಿಂದ ಒರೆಸಬೇಕು, ಇಲ್ಲದಿದ್ದರೆ ತಗಡಿನ ಬ್ಲೇಡ್ ತುಕ್ಕು ಹಿಡಿಯುತ್ತದೆ. ಚಾಕು ಹಾಕಿ ಕೆರೆಯಬೇಡಿ, ಬಾಗಿದರೆ ಮತ್ತೆ ಅದೇ ಗೋಳು. ಪಂಪ್ ಟ್ಯಾಂಕಿನ ಗೋಡೆಗೆ ಒರಗಿಕೊಂಡಿತ್ತು, ಗುಂಯ್ ಅನ್ನುವ ಸದ್ದು ಪೂರ್ತಿ ಅದರದ್ದೇ. ಕೆಳಗೆ ಸ್ಪಂಜಿನ ತುಂಡು ಇಟ್ಟು, ಗೋಡೆಯಿಂದ ಸರಿಸಿದ್ದೇ ತಡ, ನಿಂತುಹೋಯಿತು. ನೀರು ಕಡಿಮೆಯಾಗಿ ಪಂಪ್ ಗಾಳಿ ಎಳೆದರೂ ಅರಚುತ್ತದೆ, ಸುಟ್ಟೂ ಹೋಗುತ್ತದೆ.

ಇನ್ನು ಸ್ಟ್ಯಾಂಡ್. ಗ್ರಿಲ್‌ನ ಬೋಲ್ಟ್ ತೆಗೆಸಿ, ಬಾಲ್ಕನಿಯ ನೆಲದ ಮೇಲೆ ನಿಲ್ಲುವ ನಾಲ್ಕು ಕಾಲಿನ ಸ್ಟ್ಯಾಂಡ್ ಮಾಡಿಸಿದೆವು. ಕಾಲಿನ ಕೆಳಗೂ, ಸ್ಟ್ಯಾಂಡಿಗೂ ಕೂಲರ್‌ಗೂ ನಡುವೆಯೂ ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಮಡಚಿ ಇಟ್ಟಿದ್ದೇವೆ. ಕೂಲರ್ ಮೂತಿ ಗ್ರಿಲ್‌ಗೆ ತಾಗದ ಹಾಗೆ ಎರಡು ಬೆರಳು ಸಂದು ಬಿಟ್ಟು, ಆ ಸಂದಿಗೆ ಫೋಮ್ ತುರುಕಿದೆವು. ಕೆಳಗಿನ ಅಜ್ಜಿ ಈಗ ಮಾತಾಡಿಸುವಾಗ ಕೂಲರ್ ಸುದ್ದಿ ಎತ್ತಲ್ಲ. ಅಷ್ಟು ಸಾಕು.

ಆದರೆ ಹೇಳಿ, ಒಂದಿಷ್ಟು ರಬ್ಬರ್ ತುಂಡು ಡಬ್ಬಿಯಲ್ಲೇ ಹಾಕಿ ಕಳಿಸೋದಕ್ಕೆ ಕಂಪನಿಯವರಿಗೆ ಎಷ್ಟು ಖರ್ಚಾಗುತ್ತದೆ? ಸಾವಿರಾರು ರೂಪಾಯಿ ಸುರಿದು ತಂದ ಸಾಮಾನಿಗೆ ಪಂಕ್ಚರ್ ಅಂಗಡಿಯಿಂದ ಹರಿದ ಟ್ಯೂಬ್ ಬೇಡಿ ತರಬೇಕಾ? ಫಿಟ್ ಮಾಡುವವರಿಗಾದರೂ ಗ್ರಿಲ್‌ಗೆ ಬಿಗಿದರೆ ಗೋಡೆ ನಡುಗುತ್ತದೆ ಅಂತ ಗೊತ್ತಿರಬೇಡವೇ? ಗೊತ್ತಿದೆ, ಎಲ್ಲಾ ಗೊತ್ತಿದೆ. ಬೋಲ್ಟ್ ಹಾಕಿದರೆ ಬೇಗ ಮುಗಿಯುತ್ತದೆ, ಮುಂದಿನ ಮನೆಗೆ ಓಡಬಹುದು.

ಮನೆಯೊಳಗಿನ ಜಗಳ ಬೇರೆ ಇದೆ. ಧೂಳು ಬರುತ್ತದೆ ಅಂತ ನಮ್ಮ ಅತ್ತೆ ಎದುರಿನ ಕಿಟಕಿ ಮುಚ್ಚುತ್ತಾರೆ. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು, ಇಲ್ಲದಿದ್ದರೆ ಕೋಣೆ ತಂಪಾಗಲ್ಲ, ಮೈ ಅಂಟಂಟು ಆಗುತ್ತದೆ. ಆಗ ಏನು ಮಾಡುತ್ತೇವೆ? ಸ್ಪೀಡ್ ಜಾಸ್ತಿ ಮಾಡುತ್ತೇವೆ, ಸದ್ದು ಇನ್ನೂ ಜಾಸ್ತಿ. ಕಿಟಕಿಗೆ ಸೊಳ್ಳೆ ಜಾಳಿ ಹಾಕಿಸಿ ತೆರೆದಿಟ್ಟರೆ ನಡುವಿನ ಸ್ಪೀಡಿನಲ್ಲೇ ನಿದ್ದೆ ಬರುತ್ತದೆ. ಮೃಗಶಿರಾ ಮಳೆ ಶುರುವಾದರೆ ಹೇಗೂ ಕೂಲರ್ ಕೆಲಸಕ್ಕೆ ಬರಲ್ಲ, ಹೊರಗಿನ ಗಾಳಿಯೇ ತೇವ ಆದಮೇಲೆ ಅದು ತಂಪು ಎಲ್ಲಿಂದ ತರಬೇಕು?

ಈಗ ಉಳಿದಿರೋದು ಒಂದೇ. ಜೋರು ಸ್ಪೀಡಿಗೆ ಇಟ್ಟಾಗ ಸಣ್ಣಗೆ ಟಕಟಕ ಬರುತ್ತದೆ, ಬುಷ್ (ಮೋಟಾರಿನ ಶಾಫ್ಟ್ ತಿರುಗುವ ಬಳೆ) ಸವೆದಿರಬೇಕು, ಎಣ್ಣೆ ಬಿಟ್ಟರೂ ನಿಂತಿಲ್ಲ. ಗದಗ-ಬೆಟಗೇರಿ ಕಡೆ, ಇಲ್ಲವೇ ಹುಬ್ಬಳ್ಳಿಯಲ್ಲಾದರೂ, ಮೋಟಾರ್ ಬಿಚ್ಚಿ ಬುಷ್ ಹಾಕಿ, ಬ್ಲೇಡ್ ಬ್ಯಾಲೆನ್ಸ್ ಮಾಡಿ ಕೊಡುವವರು ಗೊತ್ತಿದ್ದರೆ ಹೇಳಿ. ಎರಡು ಸ್ಕ್ರೂ ತಿರುಗಿಸಿ ಹೋಗುವವರು ಬೇಡ, ಅಂಥವರು ನಮ್ಮ ಓಣಿಯಲ್ಲೇ ಇದ್ದಾರೆ.